ಗಾಳವೂ ಮಿತಿಯೂ

ಹೊರದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ನನಗೊಂದು ಚಿತ್ರವನ್ನು ಕಳುಹಿಸಿದ. ಹುಟ್ಟಿದ್ದು ತೀರ್ಥಹಳ್ಳಿಯ ಕಡೆ, ಈಗ ಇರುವುದು ಅಮೆರಿಕದ ಪಶ್ಚಿಮ ಭಾಗದಲ್ಲಿ. ಚಿತ್ರದಲ್ಲಿ ಪೈನ್ ಮರಗಳ ನಡುವೆ ಒಂದು ತಿಳಿಯಾದ ಸರೋವರ; ಸೊಂಟದ ತನಕ ನೀರಿನಲ್ಲಿ ನಿಂತ ಆತನ ಎರಡು ಕೈಗಳಲ್ಲಿ ಮೊಳಕ್ಕಿಂತ ಉದ್ದವಾದ ಒಂದು ಮೀನು. ಅದರ ಮೈತುಂಬ ಕಪ್ಪು ಚುಕ್ಕೆ. ಪಕ್ಕೆಯ ಉದ್ದಕ್ಕೂ ಕುಂಕುಮ ತೀಡಿದಂಥ ಕೆಂಪು ಪಟ್ಟೆ. ಕೆಳಗೆ ಅವನು ಬರೆದಿದ್ದ: “ಸಾರ್, ಇದು ರೇನ್‌ಬೋ ಟ್ರೌಟ್. ಮೂರು ದಿನ ಕಾದ ಮೇಲೆ ಸಿಕ್ಕಿತು. ಚಿತ್ರ ತೆಗೆಸಿಕೊಂಡು ಮತ್ತೆ ನೀರಿಗೇ ಬಿಟ್ಟೆ. ನಮ್ಮೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.”

ಅವನ ಊಹೆ ನಿಜವಾಯಿತು. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಚಿತ್ರವನ್ನು ತೋರಿಸಿದೆ. “ಬಿಡುವುದಾದರೆ ಹಿಡಿಯುವುದು ಯಾಕೆ ಮಾರಾಯ್ರೆ?” ಎಂದರು ಇತಿಹಾಸದ ಮಿತ್ರರು. “ತಿನ್ನುವುದಕ್ಕೂ ಅಲ್ಲದೆ ಒಂದು ಜೀವವನ್ನು ನೋಯಿಸುವುದು ಯಾವ ಸೀಮೆಯ ವಿನೋದ?” ಎಂದರು ಸಂಸ್ಕೃತದವರು. ಮೂರನೆಯವರು ಇನ್ನೂ ಸುಲಭವಾಗಿ ಮಾತನ್ನು ಮುಗಿಸಿದರು: “ಮೂರು ದಿನ ಕಾಯುವ ಬದಲು ನಮ್ಮ ಹಿನ್ನೀರಿಗೆ ಬಂದಿದ್ದರೆ ಒಂದು ತೋಟೆಗೆ ಬುಟ್ಟಿ ತುಂಬ ಮೀನು ಸಿಗುತ್ತಿತ್ತು.”

ಎಲ್ಲರೂ ನಕ್ಕೆವು. ಮನೆಗೆ ಹೋಗುವಾಗ ಮಾತ್ರ, ಮೂರನೆಯ ಮಾತು ನಗುವಂಥದಲ್ಲವೆಂದು ನನಗೆ ತೋರಿತು. ಅದನ್ನು ಹೇಳಿದವರು ತೋಟೆ ಹಾಕುವವರಲ್ಲ, ಸಜ್ಜನರು. ಆದರೆ ಸಿಡಿಮದ್ದಿನಿಂದ ಮೀನು ಕೊಲ್ಲುವುದು ಒಂದು ಹಾಸ್ಯದ ಮಾತಾಗುವಷ್ಟು ನಮಗೆ ಸಹಜವಾಗಿದೆ. ಹಿಡಿದ ಮೀನನ್ನು ಬಿಡುವುದು ನಂಬಲಾರದಷ್ಟು ವಿಚಿತ್ರವಾಗಿದೆ. ಈ ವಿಪರ್ಯಾಸವೇ ಈ ಲೇಖನಕ್ಕೆ ಕಾರಣ.

ನನ್ನ ವಿದ್ಯಾರ್ಥಿ ಮೀನು ಹಿಡಿದ ವಿಧಾನವನ್ನು ಇಂಗ್ಲಿಷಿನಲ್ಲಿ ‘ಫ್ಲೈ ಫಿಶಿಂಗ್’ ಎನ್ನುತ್ತಾರೆ. ಫ್ಲೈ ಎಂದರೆ ನೊಣ. ಆದರೆ ಗಾಳಕ್ಕೆ ಸಿಕ್ಕಿಸುವುದು ನಿಜವಾದ ನೊಣವಲ್ಲ. ಹಕ್ಕಿಯ ಗರಿ, ಪ್ರಾಣಿಯ ರೋಮ, ಬಣ್ಣದ ನೂಲು ಇವುಗಳನ್ನು ಸುತ್ತಿ ಮಾಡಿದ ಕೃತಕ ಹುಳು. ಅದಕ್ಕೆ ತೂಕವೆಂಬುದೇ ಇಲ್ಲದ್ದರಿಂದ ಕಲ್ಲಿನಂತೆ ಎಸೆಯಲು ಬರುವುದಿಲ್ಲ, ತೂಕವಿರುವುದು ದಾರಕ್ಕೆ. ಬಾಗುವ ಗಳುವಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಕೊನೆಗೆ ಹುಳುವು ತಾನಾಗಿಯೇ ನೀರಿನ ಮೇಲೆ ಇಳಿದಂತೆ ಇಳಿಸಬೇಕು. ಸರೋವರದಲ್ಲಿ ಇದು ಇನ್ನೂ ಕಷ್ಟ. ಹೊಳೆಯಲ್ಲಾದರೆ ಹರಿವು ಆಹಾರವನ್ನು ಮೀನಿನ ಬಳಿಗೆ ತರುತ್ತದೆ. ನಿಂತ ನೀರಿನಲ್ಲಿ ಮೀನೇ ಆಹಾರವನ್ನು ಅರಸಿ ಸುತ್ತುತ್ತಿರುತ್ತದೆ. ದಂಡೆಯಲ್ಲಿ ನಿಂತವನು ಗಾಳಿ ಯಾವ ಕಡೆಯದು, ಯಾವ ಹುಳು ಯಾವ ಹೊತ್ತಿಗೆ ತಳದಿಂದ ಮೇಲೇಳುತ್ತದೆ, ದೊಡ್ಡ ಮೀನು ಎಷ್ಟು ಆಳದಲ್ಲಿ ತಿರುಗುತ್ತದೆ ಎಂಬುದನ್ನೆಲ್ಲ ಊಹಿಸಬೇಕು. ಊಹೆ ತಪ್ಪಿದರೆ ದಿನವೆಲ್ಲ ಬರಿಗೈ. ಮೂರು ದಿನ ಕಾದದ್ದೆಂದರೆ ಮೂರು ದಿನ ಆ ಸರೋವರವನ್ನು ಓದಿದ್ದು ಎಂದು ಅರ್ಥ.

ಹಾಗಾದರೆ ಈ ಟ್ರೌಟನ್ನು ನಮ್ಮ ನೀರಿಗೂ ತರಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದು ಶಾಂತಸಾಗರಕ್ಕೆ ಹರಿಯುವ ಉತ್ತರ ಅಮೆರಿಕದ ಮತ್ತು ಏಷ್ಯದ ಈಶಾನ್ಯ ತುದಿಯ ತಣ್ಣೀರಿನ ಜೀವಿ. ಭಾರತಕ್ಕೆ ಬಂದದ್ದು ಆಂಗ್ಲರ ವಿನೋದಕ್ಕಾಗಿ. ನಮ್ಮ ನೆರೆಯ ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಅದಕ್ಕಾಗಿ ಮರಿಸಾಕಣೆಯ ಕೇಂದ್ರವನ್ನು ಕಟ್ಟಿದರು. ಎತ್ತರದ ಆ ತಂಪಿನಲ್ಲಿ ಅದು ನೆಲೆನಿಂತಿತು. ಸಮುದ್ರಮಟ್ಟಕ್ಕಿಂತ 1819 ಅಡಿ ಎತ್ತರಕ್ಕೆ ತುಂಬುವ ಲಿಂಗನಮಕ್ಕಿಯ ಬೆಚ್ಚನೆಯ ನೀರು ಅದಕ್ಕೆ ಒಗ್ಗುವುದಿಲ್ಲ. ಒಗ್ಗದಿರುವುದೇ ಒಳ್ಳೆಯದು. ಒಗ್ಗಿದ ಪರದೇಶದ ಮೀನು ಏನು ಮಾಡೀತೆಂಬುದಕ್ಕೆ 1952ರಲ್ಲಿ ಭಾರತಕ್ಕೆ ತಂದ ಆಫ್ರಿಕ ಮೂಲದ ತಿಲಾಪಿಯವೇ ಸಾಕ್ಷಿ; ಜಿಲೇಬಿ ಎಂಬ ಸಿಹಿ ಹೆಸರಿನಿಂದ ಅದು ದೇಶದ ಎಷ್ಟೋ ಕೆರೆ ಅಣೆಕಟ್ಟುಗಳಲ್ಲಿ ನಾಡಮೀನುಗಳ ಜಾಗಕ್ಕೆ ಕೈಹಾಕಿದೆ. ನಾವು ಪಡೆಯಬೇಕಾದದ್ದು ಟ್ರೌಟನ್ನಲ್ಲ, ಅದನ್ನು ಹಿಡಿಯುವವನ ಮನೋಧರ್ಮವನ್ನು. ಆ ಮನೋಧರ್ಮವಾದರೋ ನಮಗೆ ಹೊಸದಲ್ಲ.

ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅವನು ಕ್ರಿ.ಶ. 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವನ್ನು ಸಂಗೀತಕ್ಕಾಗಿ, ಚಿತ್ರಕಲೆಗಾಗಿ, ಅಡುಗೆಯ ವಿವರಗಳಿಗಾಗಿ ನಾವು ನೆನೆಯುತ್ತೇವೆ. ಅದೇ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೂ ಇದೆಯೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಚಿಪ್ಪು ಉಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ತಿನಿಸು, ಗಳು ದಾರ ಗಾಳಗಳು ಹೇಗಿರಬೇಕು ಎಂಬುದನ್ನೆಲ್ಲ ಅಲ್ಲಿ ರಾಜನೇ ವಿವರಿಸುತ್ತಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರ ಅವರು 1951ರಲ್ಲಿ ಈ ಭಾಗದ ಮೇಲೆ ಪ್ರೌಢಪ್ರಬಂಧವನ್ನೇ ಬರೆದರು. ಇಂಗ್ಲಿಷಿನಲ್ಲಿ ಗಾಳವನ್ನು ಕುರಿತ ಮೊದಲ ಅಚ್ಚಿನ ಪುಸ್ತಕ ಹೊರಟದ್ದು 1496ರಲ್ಲಿ. ಸೋಮೇಶ್ವರನಾದ ಮೇಲೆ ಮೂರೂವರೆ ಶತಮಾನ ಕಳೆದು. ಹಾಗೆಂದು ಎಲ್ಲವೂ ನಮ್ಮಿಂದಲೇ ಹೊರಟಿತೆಂದು ಬೀಗುವುದು ಸಲ್ಲದು. ಗರಿ ಮತ್ತು ಕೆಂಪು ಉಣ್ಣೆಯ ಕೃತಕ ಹುಳುವಿನಿಂದ ಮ್ಯಾಸಿಡೋನಿಯದವರು ಮೀನು ಹಿಡಿಯುತ್ತಿದ್ದುದನ್ನು ಏಲಿಯನ್ ಎಂಬ ರೋಮನ್ ಲೇಖಕ ಕ್ರಿ.ಶ. 200ರ ಸುಮಾರಿನಲ್ಲೇ ವರ್ಣಿಸಿದ್ದಾನೆ. ನಮಗೂ ಈ ವಿದ್ಯೆಯ ಒಂದು ಹಳೆಯ ಮನೆಯಿತ್ತು ಎಂಬುದಷ್ಟೇ ನನ್ನ ಮಾತು.

ಆ ಮನೆಯ ಬಾಗಿಲು ಮುಂದೆಯೂ ಮುಚ್ಚಲಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಗಾರರೆಲ್ಲ ಆಶ್ರಯಿಸಿದ ತನ್ನ ಗ್ರಂಥವನ್ನು 1873ರಲ್ಲಿ ಅಚ್ಚು ಹಾಕಿಸಿದ್ದು ಮಂಗಳೂರಿನಲ್ಲಿ. ಗಾಳದಿಂದ ಹಿಡಿದ ಮಹಶೀರ್ ಮೀನುಗಳಲ್ಲಿ ದಾಖಲೆಯೆನಿಸಿದ 120 ಪೌಂಡಿನದು 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಸಿಕ್ಕಿತು. ಹಿಡಿದವರು ಪ್ರಾಣಿಗಳ ಚರ್ಮವನ್ನು ಹದಮಾಡಿ ನಿಲ್ಲಿಸುವುದರಲ್ಲಿ ಹೆಸರಾಗಿದ್ದ ಮೈಸೂರಿನ ವಾನ್ ಇಂಗೆನ್ ಮನೆತನದವರು. ನಮ್ಮ ಕಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕಳೆದ ಹೊತ್ತು ವ್ಯರ್ಥವಾಗಲಿಲ್ಲವೆಂಬುದನ್ನು ಅವರ ಪರಿಸರದ ಬರಹಗಳನ್ನು ಓದಿದ ಯಾರೂ ಒಪ್ಪುತ್ತಾರೆ.

ಗಾಳದಲ್ಲಿ ಅಂಥ ಗುಣವೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಮಿತಿ. ಒಂದು ಗಾಳಕ್ಕೆ ಒಂದು ಸಲಕ್ಕೆ ಒಂದೇ ಮೀನು. ಹಿಡಿಯುವವನು ಅದನ್ನು ಕಣ್ಣಿನಿಂದ ಕಾಣುತ್ತಾನೆ. ಕೈಯಲ್ಲಿ ಅದರ ಎಳೆತವನ್ನು ಅರಿಯುತ್ತಾನೆ. ಚಿಕ್ಕದಾದರೆ, ಮೊಟ್ಟೆ ತುಂಬಿದ್ದಾದರೆ ಬಿಡುವ ಅವಕಾಶ ಅವನಿಗಿದೆ. ತೋಟೆಗೆ ಈ ಕಣ್ಣಿಲ್ಲ. ಅದು ಮಡುವಿನ ದೊಡ್ಡದು ಚಿಕ್ಕದು, ತಿನ್ನುವಂಥದು ತಿನ್ನಲಾರದ್ದು, ನಾಳೆ ಮೊಟ್ಟೆಯಿಡುವಂಥದು ನಿನ್ನೆ ಮೊಟ್ಟೆಯೊಡೆದದ್ದು, ಎಲ್ಲವನ್ನೂ ಒಂದೇ ಕ್ಷಣದಲ್ಲಿ ಕೊಲ್ಲುತ್ತದೆ. ಸತ್ತದ್ದರಲ್ಲಿ ಬಹುಭಾಗ ತಳಕ್ಕೆ ಹೋಗಿ ಕೊಳೆಯುತ್ತದೆ. ವಿಷವೂ ಹಾಗೆಯೇ, ನೀರಿಗೆ ಹಾಯಿಸುವ ವಿದ್ಯುತ್ತೂ ಹಾಗೆಯೇ.

ಮಲೆನಾಡಿನ ಹಳಬರಿಗೆ ಈ ಮಿತಿಯನ್ನು ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕನ ಗುಡಿಯ ಕೆಳಗೆ ತುಂಗೆಯ ಮಡುವಿನಲ್ಲಿ ಮೀನುಗಳು ಮಂಡಕ್ಕಿಗಾಗಿ ಮುತ್ತಿ ಬರುವುದನ್ನು ನೋಡದವರು ಈ ಸೀಮೆಯಲ್ಲಿ ಕಡಮೆ. ಶೃಂಗೇರಿಯಲ್ಲಿಯೂ ಅಂಥದೇ ನೋಟ. ಅವು ದೇವರ ಮೀನುಗಳು, ಮುಟ್ಟುವಂತಿಲ್ಲ. ಭಕ್ತಿಯ ಮಾತು ಹಾಗಿರಲಿ, ಫಲವನ್ನು ನೋಡಿ: ಹೊಳೆಯ ಉದ್ದಕ್ಕೂ ಯಾರು ಎಷ್ಟು ಹಿಡಿದರೂ ಬೀಜಕ್ಕೆಂದು ದೊಡ್ಡ ಮೀನುಗಳ ಒಂದು ಮಡು ಉಳಿದಿರುತ್ತದೆ. ಹುತ್ತರಿಸಿ ತಿನ್ನುವ ರೈತ ಬಿತ್ತನೆಯ ಭತ್ತವನ್ನು ಪಣತದಲ್ಲಿ ಬೇರೆ ಇಟ್ಟಂತೆ.

ಇನ್ನು ಸಾಗರ, ಹೊಸನಗರ, ಸೊರಬದ ಕಡೆಯ ಕೆರೆಬೇಟೆ. ಬೇಸಗೆ ಮುಗಿಯುತ್ತ ಕೆರೆಯ ನೀರು ತಗ್ಗಿದಾಗ ಊರವರು ಒಂದು ದಿನವನ್ನು ಗೊತ್ತುಮಾಡುತ್ತಾರೆ. ಬಿದಿರಿನಲ್ಲಿ ಹೆಣೆದ, ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಕೂಣಿಗಳನ್ನು ಹಿಡಿದು ಸುತ್ತಲಿನ ಹಳ್ಳಿಗಳ ಜನ ದಂಡೆಯಲ್ಲಿ ನೆರೆಯುತ್ತಾರೆ. ಸೂಚನೆ ಬರುವ ತನಕ ಒಬ್ಬನೂ ನೀರಿಗೆ ಇಳಿಯಕೂಡದು. ಇಳಿದ ಮೇಲೆ ಕೂಣಿಯನ್ನು ಕೆಸರಿಗೆ ಊರುವುದು, ಮೇಲಿನ ಬಾಯಿಂದ ಕೈಹಾಕಿ ಒಳಗೆ ಸಿಕ್ಕಿದ್ದನ್ನು ತಡವುವುದು. ಆ ಗದ್ದಲವನ್ನೂ ನಗೆಯನ್ನೂ ಕಂಡವರೇ ಬಲ್ಲರು. ಹೊರಗಿನವರಿಗೆ ಅದು ಸೂರೆಯೆಂದು ಕಾಣಬಹುದು. ಆದರೆ ವರ್ಷದ ಉಳಿದ ದಿನಗಳಲ್ಲಿ ಆ ಕೆರೆಯನ್ನು ಊರೇ ಕಾಯುತ್ತದೆ ಎಂಬುದನ್ನು ಮರೆಯಬಾರದು. ಕಾಯುವವರಿಗೆ ಹಿಡಿಯುವ ಹಕ್ಕು. ಹಿಡಿಯುವವರಿಗೆ ಕಾಯುವ ಹೊಣೆ. ಅಮೆರಿಕದ ಸರೋವರದ ದಂಡೆಯಲ್ಲಿ ನನ್ನ ವಿದ್ಯಾರ್ಥಿ ಪಾಲಿಸಿದ ನಿಯಮದ ತಿರುಳೂ ಇದೇ.

ಈಗ ನಮ್ಮ ತಪ್ಪಿನ ಕಡೆಗೆ ತಿರುಗಬೇಕು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಶರಾವತಿಯ ಕಣಿವೆ ಸರೋವರವಾಯಿತು. ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಿ, ಅಲ್ಲಿಯ ಮನೆತನಗಳು ಚದುರಿದವು. ಮನುಷ್ಯರ ಆ ದುಃಖ ನಮ್ಮ ಸಾಹಿತ್ಯದಲ್ಲಿ ಮಾತು ಪಡೆದಿದೆ. ಹೊಳೆಯ ಹರಿವಿಗೆ ಹೊಂದಿದ್ದ ಮೀನುಗಳಿಗೆ ಏನಾಯಿತೆಂದು ಕೇಳಿದವರು ಕಡಮೆ. ಮಹಶೀರ್‌ನಂಥವು ಹರಿಯುವ ನೀರಿನ ಹರಳುಗಲ್ಲಿನ ನಡುವೆ ಮೊಟ್ಟೆಯಿಡುವಂಥವು. ನಿಂತ ನೀರು ಅವಕ್ಕೆ ಬಾಣಂತಿಕೋಣೆಯಾಗಲಾರದು. ಹಿನ್ನೀರಿಗೆ ಬಂದು ಸೇರುವ ಹಳ್ಳಗಳು, ತೊರೆಗಳು ಮಾತ್ರ ಅವಕ್ಕೆ ಉಳಿದ ದಾರಿ. ಆ ದಾರಿಯಲ್ಲಿಯೇ ನಾವು ಕತ್ತಿ ಹಿಡಿದು ನಿಲ್ಲುತ್ತೇವೆ.

ಹತ್ತುಮೀನಿನ ಮಾತನ್ನು ಹೇಳುತ್ತಿದ್ದೇನೆ. ಮಲೆನಾಡಿನವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಮೊದಲ ಮಳೆಗಳು ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂದೊಡನೆ ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಹಳ್ಳ ಹತ್ತಿ, ಅಗಳು ಹತ್ತಿ, ಗದ್ದೆಯ ಕೋಗಿನ ತನಕ ಏರುತ್ತವೆ. ನನಗಾಗ ಹತ್ತು ವರ್ಷ. ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿ. ಆರಿದ್ರಾ ಮಳೆಯ ಒಂದು ರಾತ್ರಿ ದೊಡ್ಡಪ್ಪ ಕತ್ತಿ ಹಿಡಿದು ಮುಂದೆ, ನಾನು ಗ್ಯಾಸ್‌ಲೈಟು ಹೊತ್ತು ಹಿಂದೆ. “ಬೆಳಕು ಅಲ್ಲಾಡಿಸಬೇಡ ಕಣೋ” ಎಂದು ಪಿಸುಗುಟ್ಟಿದರು. ಪಾದ ಮುಳುಗುವಷ್ಟು ನೀರಿನಲ್ಲಿ ಮೀನುಗಳು ಬೆನ್ನು ಕಾಣಿಸುತ್ತ ಒಂದರ ಹಿಂದೊಂದು ಏರುತ್ತಿದ್ದವು. ಬೆಳಕಿಗೆ ಹೆದರುತ್ತಲೂ ಇರಲಿಲ್ಲ. ದೊಡ್ಡಪ್ಪ ಕಡಿದರು, ನಾನು ಹೆಕ್ಕಿ ಚೀಲಕ್ಕೆ ಹಾಕಿದೆ. ಮನೆಯಲ್ಲಿ ಅಮ್ಮ ಮೀನನ್ನು ಸೀಳಿದಾಗ ಪ್ರತಿಯೊಂದರ ಹೊಟ್ಟೆಯಿಂದಲೂ ಮೊಟ್ಟೆಯ ಗೊಂಚಲು ಹೊರಬಿತ್ತು. ಹಿತ್ತಿಲ ಬಾಗಿಲಲ್ಲಿ ಕುಳಿತಿದ್ದ ಅಜ್ಜಿ ನೋಡಿ, “ಎಲ್ಲ ಬಸುರಿಯರು” ಎಂದಳು. ಮತ್ತೇನೂ ಹೇಳಲಿಲ್ಲ. ಆ ರಾತ್ರಿ ನಾನೂ ಉಂಡೆ. ಸಾರು ರುಚಿಯಾಗಿಯೇ ಇತ್ತು.

ಅಜ್ಜಿಯ ಆ ಎರಡು ಪದಗಳ ಅರ್ಥ ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ಹತ್ತುಮೀನು ಏರುವುದು ನಮ್ಮ ಸಾರಿಗಲ್ಲ, ತನ್ನ ಸಂತತಿಗೆ. ತಗ್ಗು ನೀರಿನಲ್ಲಿ ಮೊಟ್ಟೆಯಿಟ್ಟರೆ ಮರಿಗಳು ಅಲ್ಲಿ ಬೆಳೆದು ಮಳೆ ಇಳಿಯುವಾಗ ಹೊಳೆಗೆ ಮರಳುತ್ತವೆ. ಹಿಂದೆ ಹತ್ತು ಮನೆಯವರು ದೊಂದಿ ಹಿಡಿದು ಒಂದೆರಡು ರಾತ್ರಿ ಕಡಿದರೆ ಉಳಿದವು ಏರಿ ಹೋಗುತ್ತಿದ್ದವು. ಇಂದು ರಸ್ತೆಯಿದೆ, ವಾಹನವಿದೆ, ಪ್ರಖರವಾದ ಬ್ಯಾಟರಿಗಳಿವೆ. ಹಳ್ಳಕ್ಕೆ ಅಡ್ಡ ಕಟ್ಟುವ ನೈಲಾನ್ ಬಲೆಯಿದೆ. ಪೇಟೆಯಿಂದಲೂ ಜನ ಬರುತ್ತಾರೆ. ಹಬ್ಬದಂತಿದ್ದದ್ದು ಒಕ್ಕಲೆಬ್ಬಿಸುವಿಕೆಯಾಗಿದೆ. ಈ ಸಂಪ್ರದಾಯ ನನಗೂ ಪ್ರಿಯವಾದದ್ದು; ಆದರೂ ಅದನ್ನು ನಾವೇ ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಸ್ನೇಹಿತರಿಗೆ ಇದು ಕಹಿಯಾದೀತೆಂದು ಬಲ್ಲೆ.

ಕಾನೂನು ಇಲ್ಲವೆ ಎಂದು ಕೇಳಬಹುದು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ಅಪರಾಧವೆಂದು ಸಾರಿತು. ನೂರು ವರ್ಷಕ್ಕೆ ಒಂದು ಕಡಮೆ ಇರುವಾಗ, 1996ರಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥಕ್ಕೆ ಯಾರೋ ವಿಷವಿಕ್ಕಿದರು. ಕಪಿಲೆಯ ಸಾವಿರಾರು ದೇವರ ಮೀನುಗಳು ತೇಲಿದವು. ಅಲ್ಲಿ ಅವುಗಳಿಗೊಂದು ಸ್ಮಾರಕವಿದೆ. ಕಾನೂನು ಕಾಗದದಲ್ಲಿ ಇರುತ್ತದೆ, ಮಡುವು ಕಾಡಿನ ನಡುವೆ ಇರುತ್ತದೆ. ನಡುವೆ ಕಾಯುವ ಕಣ್ಣು ಬೇಕು.

ಆ ಕಣ್ಣು ಗಾಳಗಾರನದೇ ಆಗಬಲ್ಲದೆಂಬುದಕ್ಕೆ ಕಾವೇರಿ ಒಂದು ನಿದರ್ಶನ. ಬೆನ್ನು ಗೂನಾದ, ಲೋಕಪ್ರಸಿದ್ಧವಾದ ಮಹಶೀರ್ ಅಲ್ಲಿಯದು. ಅದರ ಕುಲ ಹೆಚ್ಚಲೆಂದು ಒಳ್ಳೆಯ ಮನಸ್ಸಿನಿಂದಲೇ 1970ರ ದಶಕದಿಂದ ಲೋಣಾವಳದ ಮರಿಗಳನ್ನು ತಂದು ಬಿಟ್ಟರು. ಆದರೆ ಆ ಮರಿಗಳು ನಮ್ಮ ತುಂಗೆಯೂ ಸೇರಿದ ಕೃಷ್ಣಾ ಕೊಳ್ಳದ ಬೇರೊಂದು ಜಾತಿಯವು. ಬಂದವು ಹಬ್ಬಿದವು, ಮನೆಯದು ಅಡಗಿತು. ಇದು ಬೆಳಕಿಗೆ ಬಂದದ್ದು ಹೇಗೆ? ಗಾಳಿಬೋರೆಯ ಶಿಬಿರದಲ್ಲಿ ಹಿಡಿದು ಬಿಡುತ್ತಿದ್ದ ಗಾಳಗಾರರು 1998ರಿಂದ 2012ರ ತನಕ ಸಿಕ್ಕ ಮೀನಿನ ಜಾತಿ, ತೂಕ ಬರೆದಿಟ್ಟ ದಿನಚರಿಯಿಂದ. ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನದ ಸರಿಯಾದ ಹೆಸರು ನಿರ್ಣಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತ್ಯಂತ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಹೊತ್ತವರೇ ಇಲ್ಲವಾಗುವ ಸ್ಥಿತಿ.

ಹೆಸರಿನ ಮಾತು ಬಂದುದರಿಂದ ಕನ್ನಡ ಅಧ್ಯಾಪಕನಾಗಿ ಒಂದನ್ನು ಹೇಳುವೆ. ಹೊಳೆಯ ಮೀನುಗಳ ಹೆಸರುಗಳನ್ನು ಬರೆಯಿರೆಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಬಹುಮಂದಿ ಬರೆದದ್ದು ಕಡಲಿನ ಬಂಗಡೆ, ಬೂತಾಯಿ. ಮುರುಗೋಡು, ಕುಚ್ಚು, ಬಾಳೆ, ಅವಲು ಎಂದು ಬರೆದವರು ಕೆಲವರೇ. ಅವರೂ ಅಜ್ಜನಿಂದ ಕೇಳಿದವರು, ಕಂಡವರಲ್ಲ. ಮೀನು ಹೋದಲ್ಲಿ ಪದವೂ ಹೋಗುತ್ತದೆ. ನಿಘಂಟಿನಲ್ಲಿ ಉಳಿದ ಪದಕ್ಕೆ ಈಜಲು ಬಾರದು.

ಇನ್ನು ಮಿತ್ರರ ಆಕ್ಷೇಪಗಳಿಗೆ ಬರುತ್ತೇನೆ. ನೋಯಿಸುವುದು ವಿನೋದವೆ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಗಾಳ ನುಂಗಿದ ಮೀನನ್ನು ಭಾಗವತದ ಅವಧೂತ ತನ್ನ ಗುರುಗಳಲ್ಲಿ ಒಂದೆಂದು ಎಣಿಸಿದ. ಅದರ ನೋವನ್ನು ಕಂಡೇ ಆ ಪಾಠ ಹುಟ್ಟಿತು. ಹಿಮ್ಮುಳ್ಳಿಲ್ಲದ ಗಾಳ, ಒದ್ದೆ ಮಾಡಿಕೊಂಡ ಕೈ, ನೀರಿನಿಂದ ಹೆಚ್ಚು ಹೊತ್ತು ಎತ್ತದಿರುವುದು, ಇವುಗಳಿಂದ ನೋವು ಕಡಮೆಯಾದೀತು, ಇಲ್ಲವಾಗದು. ಹಿಡಿದು ಬಿಡುವುದೇ ಪರಮಧರ್ಮವೆಂದು ನಾನೂ ಹೇಳಲಾರೆ. ಉಣ್ಣಲು ಒಂದು ಮೀನನ್ನು ಹಿಡಿದು ಉಣ್ಣುವವನು ಅವನಿಗಿಂತ ಕೀಳಲ್ಲ. ಬಡವರ ಊಟಕ್ಕೆ ಕಲ್ಲು ಹಾಕಬೇಡಿ ಎಂಬ ಮಾತೂ ನಿಜವೇ. ಬಲೆಯಿಂದ ಬದುಕುವ ಬೆಸ್ತರು, ಅಂಬಿಗರು ಹೊಳೆಯ ಶತ್ರುಗಳಲ್ಲ. ಹೊಳೆ ಬರಿದಾದರೆ ಮೊದಲು ಹಸಿಯುವವರು ಅವರೇ. ತೋಟೆ ಹಾಕುವವನು ಕಸಿಯುವುದು ಅವರ ತಟ್ಟೆಯಿಂದ.

ಹಾಗಾದರೆ ಮಾಡಬೇಕಾದದ್ದೇನು? ಮೊದಲ ಮಳೆಯ ಕೆಲವು ವಾರ ಹತ್ತುಮೀನನ್ನು ಹತ್ತಲು ಬಿಡೋಣ. ಇದನ್ನು ಸರ್ಕಾರ ಹೇಳುವ ಮೊದಲು ಊರಿನ ಹಿರಿಯರು ಹೇಳಲಿ. ದೇವರ ಮಡುವಿಲ್ಲದ ಊರಿನ ಹೊಳೆಯಲ್ಲಿ ಒಂದು ಮಡುವನ್ನಾದರೂ ಊರಿನದೆಂದು ಬಿಟ್ಟುಕೊಡೋಣ. ಹಿನ್ನೀರಿಗೆ ಮರಿ ಬಿಡುವವರು ಯಾವ ಜಾತಿಯದು, ಎಲ್ಲಿಯದು ಎಂದು ಮೊದಲು ಕೇಳಲಿ. ಬಿಡುವಿನ ದಿನ ಮೀನು ಬೇಕೆನಿಸಿದವನು ಗಾಳ ಹಿಡಿದು ದಂಡೆಯಲ್ಲಿ ಕೂರಲಿ. ಸಿಕ್ಕರೆ ಒಂದು ಹೊತ್ತಿನ ಸಾರು, ಸಿಗದಿದ್ದರೆ ಒಂದು ಸಂಜೆಯ ಮೌನ. ಎರಡೂ ನಷ್ಟವಲ್ಲ.

2025ರ ಜುಲೈಯಲ್ಲಿ ಸಿಗಂದೂರಿನ ಹಿನ್ನೀರಿಗೆ ಸೇತುವೆಯಾಯಿತು. ಹಿಂದೆ ಲಾಂಚಿಗಾಗಿ ಕಾಯುತ್ತ ದಂಡೆಯಲ್ಲಿ ನಿಂತಿರುತ್ತಿದ್ದ ನಾವು ಈಗ ಕೆಲವು ನಿಮಿಷಗಳಲ್ಲಿ ದಾಟುತ್ತೇವೆ. ದ್ವೀಪದಂತಾಗಿದ್ದ ಊರುಗಳ ಜನಕ್ಕೆ ಇದು ದೊಡ್ಡ ಉಪಕಾರ. ಅವರ ಕಾಯುವಿಕೆ ಮುಗಿಯಲೇಬೇಕಾಗಿತ್ತು. ಆದರೆ ಎಲ್ಲ ಕಾಯುವಿಕೆಯೂ ಕಷ್ಟವಲ್ಲ. ನೀರಿನ ಮುಂದೆ ಸುಮ್ಮನೆ ನಿಂತು ಅದರೊಳಗೆ ಏನಿದೆಯೆಂದು ಯೋಚಿಸುವ ಕಾಯುವಿಕೆಯನ್ನು ನಾವಾಗಿಯೇ ಉಳಿಸಿಕೊಳ್ಳಬೇಕು.

ನನ್ನ ವಿದ್ಯಾರ್ಥಿಗೆ ಉತ್ತರ ಬರೆದಿದ್ದೇನೆ: “ನಿನ್ನ ಮಾತನ್ನು ನಾನು ನಂಬಿದೆ. ಮುಂದಿನ ವರ್ಷ ಆರಿದ್ರಾ ಮಳೆಗೆ ಊರಿಗೆ ಬಾ. ಗಾಳವೂ ಬೇಡ, ಕತ್ತಿಯೂ ಬೇಡ. ಹಳ್ಳದ ಬದಿಯಲ್ಲಿ ಕೊಡೆ ಹಿಡಿದು ನಿಂತು ಮೀನು ಹತ್ತುವುದನ್ನು ನೋಡೋಣ.”